ಹೊನವಾಡದ ಸರ್ಕಲ್ಲು

ಸರಕಾರಿ ಸಾಮಾನು ಕಳದು ಹೋಗ್ತಾವ ಅಂತ ಮಂದಿ ಅಂತಾರ. ಕಳಿಯೂದಿಲ್ರಿ. ಎಲ್ಲೋ ಒಬ್ಬರ ಮನ್ಯಾಗ ಸುಮ್ಮನ ದುಡಕೋತ ಇರ್ತಾವ. ಹುಡುಕಾಕ ಹೋದಾವಂದ ಮಾತ್ರ ಜೀವ ಬಾಯಿಗೆ ಬರ್ತೈತಿ. ನನ್ನ ನೌಕರಿ ಮುಗಿಯೂತನಕ ಇಂಥಾವು ಒಂದಿಲ್ಲೊಂದು ನಡಕೋತನ ಬಂದುವು. ಆದ್ರ ಮೊದಲನೇ ವರ್ಷ ನಡದದ್ದು ನೆನಸಿದ್ರ ಇವತ್ತಿಗೂ ಅಂಗೈ ಬೆವರ್ತಾವ.

ಎಮರ್ಜೆನ್ಸಿ ಕಾಲ. ವಿಜಾಪುರದ ಒಂದು ಕಚೇರ್ಯಾಗ ನಾ ಹಂಗಾಮಿ ಕಾರಕೂನ ಇದ್ನಿ. ಕಚೇರಿ ಹೆಸರು ಬ್ಯಾಡ. ರಸ್ತಾ, ಗಟಾರ, ನಳ, ಬೀದಿದೀಪ ನೋಡಕೊಳ್ಳೂ ಕಚೇರಿ ಅಂದ್ರ ಸಾಕು. ಹೊತ್ತಿಗೆ ಸರಿಯಾಗಿ ಬರದಾವ್ರನ್ನ ಮನಿಗೆ ಕಳಸಾಕತ್ತಾರ ಅಂತ ದಿನಾ ಒಂದು ಸುದ್ದಿ ಬರ್ತಿತ್ತು. ಕಾಯಂ ಮಂದೀನ ನಡಗತಿದ್ರು, ಇನ್ನ ಹಂಗಾಮಿದವನ ಪಾಡು ಕೇಳ್ತೀರೇನು? ನಾ ಬಾಗಿಲು ತಗಿಯೂ ಮೊದಲ ಬಂದು ಕಟ್ಟಿ ಮ್ಯಾಲೆ ಕುಂತಿರ್ತಿದ್ನಿ.

೧. ಕೆಲಸ ನನಗ ಬಂದದ್ದು

ಪ್ಯಾಟಿ ನಡುವಿನ ದೊಡ್ಡ ಓಣಿ ಕಿತ್ತು, ಅಗಲ ಮಾಡಿ, ಹೊಸಾ ರಸ್ತಾ ಹಾಕಬೇಕಂತ ಮೀಟಿಂಗಿನ್ಯಾಗ ಠರಾವ ಆತು. ಓಣಿ ಕಿತ್ತ ಮ್ಯಾಲೆ ಈ ಕಂಬ ನಿಮ್ಮದೋ ನಮ್ಮದೋ ಅಂತ ತಂಟೆ ಬರಬಾರದಲ್ಲ. ಅದಕ್ಕ ಕಚೇರಿದು ಏನೇನ ಐತಿ ಅಷ್ಟೂ ಹುಡುಕಿ, ಯಾದಿ ಮಾಡಿ, ಒಂದೊಂದಕ್ಕೂ ಬಿಳಿ ಬಣ್ಣದ ನಂಬರ ಹಾಕಬೇಕಂತ ಹೇಳಿದ್ರು. ಕಂಬ, ನಳ, ಗಟಾರದ ಮುಚ್ಚಳ, ಕಸದ ಬಂಡಿ, ಡಾಂಬರ ಡ್ರಮ್ಮು, ರಸ್ತಾ ತುಳಿಯೂ ರೋಲರ್, ಎಲ್ಲಾ.

ಈ ಕೆಲಸ ಯಾರು ಮಾಡ್ತೀರಿ ಅಂತ ಕಚೇರಿ ಸಾಹೇಬ್ರು ಸುತ್ತ ನೋಡಿದ್ರು. ಕಾಯಂ ಮಂದಿ ಎಲ್ಲಾರೂ ನೆಲ ನೋಡಿದ್ರು. ನಾ ಹೊಸಬ, ರೀತಿ ಗೊತ್ತಿಲ್ಲ, ಸಾಹೇಬ್ರ ಮುಖಾನ ನೋಡಿದ್ನಿ. ಮುಗೀತು. ತಪಾಸಣಿಗೆ ಮ್ಯಾಲಿಂದ ಒಬ್ಬ ಸಾಹೇಬ್ರು ಬರ್ತಾರ, ಎಲ್ಲಾ ಸಾಮಾನು ಕಂಡ್ರ ನಿನ್ನ ಕಾಯಂ ಮಾಡಾಕ ಬರದು ಕಳಸ್ತೀನಿ, ಒಂದ ಕಾಣಲಿಲ್ಲಂದ್ರೂ ನೀನೂ ಕಾಣೂದು ಬ್ಯಾಡ ಅಂದ್ರು.

ಇದರಾಗ ಇನ್ನೊಂದು ಸಿಕ್ಕು ಇತ್ತು. ಹೊನವಾಡದಾಗ ನನಗೊಂದು ಹೆಣ್ಣು ನೋಡಿದ್ರು. ಹುಡುಗಿ ಚಾ ಕೊಡೂವಾಗ ಬಸಿ ನಡಗಿ ಚಾ ನನ್ನ ಧೋತರದ ಮ್ಯಾಲೆ ಚೆಲ್ಲಿತು. ನಡಗಿದ್ದು ಅಕಿ ಕೈ ಅಲ್ಲ, ನಂದು. ಅಕಿ ಸೆರಗ ಬಾಯಿಗಿಟ್ಟು ನಕ್ಕಳು. ಅವತ್ತಿನಿಂದ ನನಗ ಮತ್ತೊಬ್ಬ ಹುಡುಗಿ ಮನಸಿಗೆ ಬರಲಿಲ್ಲ. ಅವರಪ್ಪ ಹೊಲಮನಿ ಗಟ್ಟಿ ಇದ್ದ ಮನಿಷ್ಯಾ, ಮಾತು ಕಡಿಮಿ. ಎಲ್ಲಾ ಕೇಳಿಕೊಂಡು ಒಂದ ಮಾತು ಹೇಳಿದ್ರು: "ಹಂಗಾಮಿ ಮನಿಷ್ಯಾಗ ನಾ ಕಾಯಂ ಹೆಣ್ಣು ಹೆಂಗ ಕೊಡ್ಲಿ? ಆರ್ಡರ ತಗೊಂಡು ಬರ್ರಿ, ನಿಶ್ಚಯ ಮಾಡೂಣು."

ಅಂದ್ರ, ಓಣ್ಯಾಗ ಒಂದು ನಳ ಕಾಣಲಿಲ್ಲಂದ್ರ ನನಗ ಹೆಂಡ್ತಿ ಇಲ್ಲ. ನಾ ಬಣ್ಣದ ಡಬ್ಬಿ, ಬ್ರಶ್ಶು ಚೀಲದಾಗ ಹಾಕ್ಕೊಂಡು, ನಳಗೋಳಿಗೆ ಕೈ ಮುಗಕೋತ ಹೊಂಟ್ನಿ.

೨. ಅಡಗಿಮನ್ಯಾಗಿನ ಕಂಬ

ಮೊದಲನೇ ದಿನಾನ ಒಂದು ದೀಪದ ಕಂಬ ಕಾಣಲಿಲ್ಲ. ನಕಾಶದಾಗ ಐತಿ, ಓಣ್ಯಾಗ ಇಲ್ಲ. ಹತ್ತು ಆಳಿನ ಭಾರದ ಕಬ್ಬಿಣದ ಕಂಬ ಹಾರಿ ಹೋಗ್ತೈತೇನು? ಓಣಿ ಉದ್ದಕ್ಕೂ ಅಡ್ಯಾಡಿ ಅಡ್ಯಾಡಿ ನನಗ ಚಕ್ರ ಬಂದಂಗಾತು. ಒಂದು ಮನಿ ಮುಂದ ನೀರು ಕೇಳಿದ್ನಿ. ಒಬ್ಬಾಕಿ ಮುದುಕಿ ಒಳಗ ಕರದು, ನೀರು ಬ್ಯಾಡ ಮಜ್ಜಿಗಿ ಕುಡಿ ತಮ್ಮಾ ಅಂದ್ಲು.

ಒಳಗ ಹೋಗಿ ನೋಡ್ತೀನಿ, ಕಂಬ ಅಡಗಿಮನ್ಯಾಗ ನಿಂತೈತಿ. ಅದಕ್ಕ ಹಗ್ಗ ಕಟ್ಟಿ ಮುದುಕಿ ಮಜ್ಜಿಗಿ ಕಡ್ಯಾಕತ್ತಾಳ. ತುದಿ ತಗಡಿನ ಪತ್ರಾಸ ತೂರಿ ಮ್ಯಾಲೆ ಹೋಗೇತಿ, ದೀಪದ ಬೆಳಕು ಒಳಗ ಬೀಳಾಕ ಪತ್ರಾಸಿಗೆ ದೊಡ್ಡ ತೂತು ಹೊಡದಾರ. ನಮ್ಮ ಕಡೆ ಮನಿಗೋಳು ಹಂಗ. ಮೊದಲ ಮುಂದೊಂದು ಕಟ್ಟಿ, ಆಮ್ಯಾಲೆ ಕಟ್ಟಿಗೆ ನೆರಳಿಗಂತ ಪತ್ರಾಸು, ಆಮ್ಯಾಲೆ ಪತ್ರಾಸಿಗೆ ಆಸರಕ್ಕಂತ ಗ್ವಾಡಿ. ಹಿಂಗ ಒಂದೊಂದ ಹೆಜ್ಜಿ ಮನಿ ಓಣಿಗೆ ಇಳದು ಕಂಬ ಒಳಗ ಸೇರಿತ್ತು.

ಇದು ಸರಕಾರದ್ದಬೇ ಯವ್ವಾ, ಹಿಂಗ ಒಳಗ ಹಾಕ್ಕೋಬಾರದು ಅಂದ್ನಿ. ಮುದುಕಿಗೆ ಸಿಟ್ಟು ಬರಲಿಲ್ಲ. "ನಾವೆಲ್ಲಿ ಹಾಕ್ಕೊಂಡೀವಿ? ಅದು ನಿಂತಲ್ಲೇ ನಿಂತೈತಿ. ನಾವ ಅದರ ಕಡೆ ಬಂದೀವಿ," ಅಂದ್ಲು.

ಜಗಳ ಆಡಾಕ ನನಗ ಹೊತ್ತಿರಲಿಲ್ಲ. ಕಂಬ ಸಿಕ್ಕತಲ್ಲ, ಅದ ದೊಡ್ಡದು. ಮೊಸರಿನ ಗಡಿಗಿ ಸರಿಸಿ ನಂಬರ ಬರದು, ಬೆವರು ಒರಸಿಕೊಂಡು ಹೊಂಟ್ನಿ. ಬಾಗಿಲ ತನಕ ಬಂದಾಗ ಮುದುಕಿ ಕರದು, ನೀ ಆ ಕಚೇರಿಯಾವ ಹೌದಲ್ಲ, ಹಂಗಾರ ನನ್ನದೊಂದು ತಕರಾರು ಬರಕೋ ಅಂದ್ಲು. ಏನಬೇ ಅಂದ್ನಿ.

"ನಿಮ್ಮ ಕಂಬದ ಬಲ್ಬು ಹೋಗಿ ಯಾವ ಕಾಲ ಆತು. ಸಂಜಿಮುಂದ ಬೆಣ್ಣಿ ಬಂತೋ ಇಲ್ಲೋ ಕಾಣಂಗಿಲ್ಲ."

೩. ಕೆಂಪು ಗುರುತು

ನಾ ಒಂದು ಕಡೆ ಬಿಳಿ ನಂಬರ ಬರಕೋತ ಹೊಂಟ್ರ ಮತ್ತೊಂದು ಕಡೆ ನಮ್ಮ ಕಚೇರಿ ಓವರಸೀಯರ ಕೆಂಪು ಗುರುತು ಹಾಕ್ಕೋತ ಹೊಂಟಿದ್ದ. ರಸ್ತಾ ಅಗಲ ಮಾಡಾಕ ಯಾವ ಮನಿ ಎಲ್ಲಿತನಕ ಒಡೀಬೇಕಂತ ಗ್ವಾಡಿ ಮ್ಯಾಲೆ ಕೆಂಪು ಗೆರಿ. ಓಣಿ ಮಂದಿ ಚಾ ಕೊಟ್ರು, ಎಲಿ ಅಡಕಿ ಕೊಟ್ರು, ಭಾಳ ಛಲೋ ಕೆಲಸ ಸಾಹೇಬ್ರ, ಊರು ಸುಧಾರಣಿ ಆಗಬೇಕು ಅಂದ್ರು.

ಮರುದಿನ ಹೋದ್ರ ಇಡೀ ಓಣಿ ಬೆಳ್ಳಗಾಗಿತ್ತು. ಎಲ್ಲಾ ಮನಿಗೆ ಸುಣ್ಣ. ಇದೇನು, ದೀಪಾವಳಿ ಆಗಿ ಹೋತಲ್ಲ ಅಂದ್ರ, ಮುಂದಿನ ದೀಪಾವಳಿದು ಈಗ ಮುಗಿಸಿಬಿಟ್ವಿ, ಆವಾಗ ಆಳು ಸಿಗಂಗಿಲ್ಲ ಅಂದ್ರು.

ಓವರಸೀಯರ ಹಠದ ಮನಿಷ್ಯಾ. ಈ ಸರ್ತಿ ಡಾಂಬರದಿಂದ ಗುರುತು ಹಾಕಿದ. ಅದಕ್ಕ ಸುಣ್ಣ ಹತ್ತಂಗಿಲ್ಲ. ಮಂದೀಗೆ ಅಳಸಾಕ ಬರಲಿಲ್ಲ, ಆದ್ರ ಬರಿಯಾಕ ಬಂತು. ಈ ಕಡಿಯವ್ರು ಆ ಕಡಿಯವ್ರ ಗ್ವಾಡಿ ಮ್ಯಾಲೆ ಇನ್ನಷ್ಟು ಒಳಗ ಒಂದು ಗೆರಿ ಹಾಕಿದ್ರು, ನಿಮ್ಮದು ಜಾಸ್ತಿ ಹೋದ್ರ ನಮ್ಮದು ಉಳೀತೈತಿ ಅಂತ. ಆ ಕಡಿಯವ್ರು ಸುಮ್ಮನಿರ್ತಾರೇನು? ಕೊನಿಗೆ ಯಾವ ಗೆರಿ ಸರಕಾರದ್ದು, ಯಾವುದು ಸೇಡಿಂದು ಅಂತ ಓವರಸೀಯರಗೂ ತಿಳೀಲಿಲ್ಲ. ಕಂಡ ಗೆರಿ ಎಲ್ಲಾ ಹಿಡದು ನಕಾಶ ಮಾಡಿದ.

ಮೀಟಿಂಗಿನ್ಯಾಗ ನಕಾಶ ಬಿಚ್ಚಿದ್ರು. ನಾ ಮೂಲ್ಯಾಗ ಯಾದಿ ಹಿಡಕೊಂಡು ನಿಂತಿದ್ನಿ. ಕಚೇರಿ ಸಾಹೇಬ್ರು ಕನ್ನಡಕ ಏರಿಸಿ ನೋಡಿದ್ರು, ಬಾಗಿ ನೋಡಿದ್ರು. ರಸ್ತಾ ಓಣಿ ತುದೀಗೆ ಹೊಳ್ಳಿ ಒಂದು ದೊಡ್ಡ ಕಟ್ಟಡದಾಗ ಹೊಕ್ಕಿತ್ತು. ಇದೇನು ಅಂದ್ರು. ನಮ್ಮ ಕಚೇರಿ ಗ್ವಾಡಿ ಮ್ಯಾಲೂ ಯಾರೋ ಡಾಂಬರ ಗೆರಿ ಹಾಕ್ಯಾರ್ರಿ ಅಂದ ಓವರಸೀಯರ. ಗಟಾರ ಎಲ್ಲಿ ಬರ್ತೈತಿ ಹಂಗಾರ, ಅಂದ್ರು ಸಾಹೇಬ್ರು. ಓವರಸೀಯರ ನಕಾಶದ ಮ್ಯಾಲೆ ಬೆರಳಿಟ್ಟು ತೋರಿಸಿದ.

"ನೀವು ಕುಂತ ಖುರ್ಚಿ ತೆಳಗ ರಿ."

೪. ಖಾನಾವಳಿ

ಇದು ಸಣ್ಣದು, ಹೇಳಿಬಿಡ್ತೀನಿ. ಗಟಾರದ ಮುಚ್ಚಳಗೋಳಾಗ ಒಂದು ಸಿಗಲಿಲ್ಲ. ಸಣ್ಣದು, ದುಂಡಂದು, ಮ್ಯಾಲೆ ಕಚೇರಿ ಅಕ್ಷರ ಎರಕ ಹೊಯ್ದದ್ದು. ಅದನ್ನ ನೆನಸಿಕೋತ ನಾ ದಿನಾ ಉಣ್ಣೂ ಖಾನಾವಳ್ಯಾಗ ಕುಂತಿದ್ನಿ. ಕಣ್ಣ ಮುಂದ ಹೊನವಾಡದ ಹುಡುಗಿ ಬ್ಯಾರೆ ಯಾರದೋ ಬಂಡ್ಯಾಗ ಕುಂತು ಹೊಂಟಂಗ ಕಾಣ್ತಿತ್ತು.

ಖಾನಾವಳಿ ಅಕ್ಕಾರು ಬಿಸಿ ರೊಟ್ಟಿ ತಂದು ಹಾಕಿದ್ರು. ರೊಟ್ಟಿ ಮುರ್ಯಾಕ ಹೋದಾವ ನಿಂತ್ನಿ. ರೊಟ್ಟಿ ಮ್ಯಾಲೆ ಅಕ್ಷರ ಮೂಡಿದ್ವು. ತಿರುಗಾಮುರುಗಾ ಇದ್ವು ಖರೆ, ಆದ್ರ ದಿನಾ ಕಚೇರಿ ಬಾಗಿಲದಾಗ ನೋಡೂ ಅಕ್ಷರ, ನನಗ ಗುರುತು ಸಿಗಂಗಿಲ್ಲೇನು?

ಒಲಿ ಮ್ಯಾಲೆ ಹಂಚು ಇರೂ ಜಾಗಾದಾಗ ಮುಚ್ಚಳ ಇತ್ತು. ಅಕ್ಕಾರು ಮುಚ್ಚಿಡಲಿಲ್ಲ. ಇದರ ಮ್ಯಾಲೆ ರೊಟ್ಟಿ ಹಸೀ ಉಳಿಯಂಗಿಲ್ಲ, ಕಾವು ಒಂದ ಸಮ ಹಿಡೀತೈತಿ ಅಂದ್ರು. ನಾ ಅಳೂದೊಂದ ಬಾಕಿ. ನನ್ನ ನೌಕರಿ ಹೋಗ್ತೈತ್ರಿ ಅಕ್ಕಾರ, ಲಗ್ನಾನೂ ಹೋಗ್ತೈತಿ ಅಂತ ಇದ್ದದ್ದೆಲ್ಲಾ ಹೇಳಿದ್ನಿ. ಅಕ್ಕಾರಿಗೆ ಭಾಳ ಕೆಟ್ಟನಿಸಿತು. ನನ್ನ ತಲಿ ಮ್ಯಾಲೆ ಕೈ ಇಟ್ಟು, ಚಿಂತಿ ಮಾಡಬ್ಯಾಡೋ ತಮ್ಮಾ ಅಂದ್ರು.

"ತಪಾಸಣಿ ದಿನ ಮುಂಜಾನೆ ಒಯ್ದು ಇಡು. ಸಂಜಿ ರೊಟ್ಟಿ ಹೊತ್ತಿಗೆ ಹೊಳ್ಳಿ ತಂದಕೊಡು."

೫. ರೋಲರ್

ಎಲ್ಲಾ ಆತು. ಉಳದದ್ದು ರೋಲರ್ ಒಂದ. ಅದು ಕಳಿಯೂ ಸಾಮಾನ ಅಲ್ಲಂತ ನಾ ಕಡೀಕ ಇಟ್ಟಿದ್ನಿ. ತಪಾಸಣಿ ನಾಳೆ ಅಂದಾಗ ಶೆಡ್ಡಿಗೆ ಹೋಗಿ ನೋಡ್ತೀನಿ, ಬರೇ ಎಣ್ಣಿ ಕಲೆ. ತಿಕೋಟಾ ಹಾದ್ಯಾಗ ತೆಗ್ಗು ಮುಚ್ಚಾಕ ಒಯ್ದಾರ ಅಂದ ನಮ್ಮ ಕಚೇರಿ ಪಟ್ಟೇವಾಲಾ. ಯಾವಾಗ ಅಂದ್ನಿ. ಸಂಕ್ರಮಣ ಆದ ಮ್ಯಾಲೆ ಅಂದ. ಸಂಕ್ರಮಣ ಆಗಿ ಶಿವರಾತ್ರಿ ಹತ್ರ ಬಂದಿತ್ತು.

ಬಸ್ಸು ಹಿಡದು ತಿಕೋಟಾದಾಗ ಇಳದ್ನಿ. ತೆಗ್ಗು ಮುಚ್ಚಿದ್ರು, ರೋಲರ್ ಇಲ್ಲ. ಆದ್ರ ಹಾದಿ ಬಾಜೂ ಹೊಲದಾಗ ಒಂದು ಕಣ ಕಂಡಿತು. ಸುಗ್ಗಿ ಕಾಲ, ಜ್ವಾಳ ರಾಶಿ ಮಾಡಾಕ ಎಲ್ಲಾರೂ ಕಣ ಮಾಡ್ತಾರ. ನೀರು ಹೊಡದು, ದನ ತುಳಿಸಿ, ಮಂದಿ ತುಳದು, ನೆಲ ಗಟ್ಟಿ ಆಗೂದರಾಗ ಸೊಂಟ ಬೀಳ್ತೈತಿ. ಈ ಕಣ ಹಂಗಿರಲಿಲ್ಲ. ಸಿಮಿಟ ಹಾಕಿದಂಗ ಸಪಾಟ ಇತ್ತು. ಮುಂದಿನ ಹೊಲದಾಗೂ ಹಂಗ. ಅದರ ಮುಂದಿನ ಹೊಲದಾಗೂ ಹಂಗ. ಹೊಲದ ಬದುವಿನ ಮ್ಯಾಲೆ ದಪ್ಪ ಗಾಲಿ ಗುರುತು.

ಒಬ್ಬ ರೈತಗ ಕೇಳಿದ್ನಿ. ನಮ್ಮ ಪಾಳಿ ಮುಗೀತ್ರಿ, ಕಳ್ಳಕವಟಗಿ ಕಡೆ ಹೋತು ಅಂದ. ಪಾಳಿ ಹಚ್ಚ್ಯಾರ! ಯಾರದೋ ಸೈಕಲ್ ಮ್ಯಾಲೆ ಹಿಂದ ಕುಂತು ಕಳ್ಳಕವಟಗಿಗೆ ಹೋದ್ನಿ. ಅಲ್ಲಿ ನಾ ಕಚೇರಿಯಾವ ಅಂತ ತಿಳದ ಕೂಡಲೆ ಒಬ್ಬ ನನ್ನ ಅಂಗಿ ಹಿಡದ. ನಮ್ಮದು ಮೊದಲ ಪಾಳಿ ಇತ್ತು, ತಪ್ಪಿಸಿ ಹೊನವಾಡಕ್ಕ ಒಯ್ದಾರ, ನೀವ ಜರಾ ಡ್ರೈವರಗ ಹೇಳಿ ಹೋಗ್ರಿ ಅಂತ ಅಡ್ಡ ನಿಂತ. ಹೇಳ್ತೀನಂತ ಮಾತು ಕೊಟ್ಟು ಅಂಗಿ ಬಿಡಿಸಿಕೊಂಡ್ನಿ.

ಹೊನವಾಡ ಅಂದ ಕೂಡಲೆ ನನಗ ಒಳಗ ಅಳಕು ಸುರು ಆಗಿತ್ತು. ಹಾಳಾಗಿ ಹೋಗ್ಲಿ, ಆ ಹುಡುಗಿ ಮನಿ ಹೊಲ ಒಂದು ಆಗಿರಬಾರದು ಅಂತ ದೇವರಿಗೆ ಬೇಡಕೊಂಡ್ನಿ. ದೇವರು ನನ್ನ ಮಾತು ಯಾವಾಗ ಕೇಳ್ಯಾನ? ರೋಲರ್ ಆ ಮನಿ ಹೊಲದಾಗನ ಇತ್ತು. ಮುಂದ ತೆಂಗಿನಕಾಯಿ ಒಡದಿದ್ರು, ಮೂತಿಗೆ ಹೂವಿನ ಹಾರ ಹಾಕಿದ್ರು. ಡ್ರೈವರ, ಮಮದಾಪುರದಾವ, ಬೇವಿನ ಗಿಡದ ತೆಳಗ ರೊಟ್ಟಿ, ಬದನಿಕಾಯಿ ಪಲ್ಯ ಉಣ್ಣಾಕತ್ತಿದ್ದ. ನನ್ನ ನೋಡಿ ಹೆದರಲಿಲ್ಲ. ಕಚೇರಿ ಡೀಸೆಲ್ ಒಂದು ಹನಿ ಮುಟ್ಟಿಲ್ರಿ, ಎಲ್ಲಾ ಇವರ ಪಂಪಸೆಟ್ಟಿಂದು ಅಂದ.

ಬೈಬೇಕಂತ ಬಾಯಿ ತಗದಿದ್ನಿ. ಅಷ್ಟರಾಗ ಹುಡುಗಿ ಅಪ್ಪ ಬಂದ್ರು. ಅವರ ಹಿಂದ ಅರ್ಧ ಊರು. ಅವರು ನನ್ನ ಭುಜದ ಮ್ಯಾಲೆ ಕೈ ಹಾಕಿ ಮಂದಿ ಕಡೆ ತಿರುಗಿದ್ರು. "ನಾ ಹೇಳಿದ್ನಲ್ಲ, ಅಳಿಯಾ ಆಗೂ ಹುಡುಗ ಕಳಿಸ್ಯಾನ ಅಂತ. ನೋಡ್ರಿ, ಕೆಲಸ ಹೆಂಗಾಗೇತಿ ನೋಡಾಕ ತಾನ ಬಂದಾನ," ಅಂದ್ರು. ಡ್ರೈವರ ಮಹಾರಾಯ, ನನ್ನ ಸಂಬಂಧದ ಸುದ್ದಿ ಕಚೇರ್ಯಾಗ ಕೇಳಿದ್ದ, ರೊಟ್ಟಿ ಆಸೇಕ ನನ್ನ ಹೆಸರು ಹೇಳಿದ್ದ.

ಹುಡುಗಿ ಗಿಡದ ಮರೀಗೆ ಮಜ್ಜಿಗಿ ಚರಗಿ ಹಿಡಕೊಂಡು ನಿಂತಿದ್ಲು. ಅಕಿ ಕಣ್ಣಾಗ ಎಂಥಾ ಹೆಮ್ಮಿ ಇತ್ತು ಅಂತೀರಿ. ನಾ ಏನ್ ಹೇಳಬೇಕು? ಹೌದ್ರಿ, ನಾನ ಕಳಿಸೀನಿ ಅಂದ್ನಿ. ಅಷ್ಟಕ್ಕ ಬಿಟ್ನೇನು? ಇನ್ನೊಂದು ಸುತ್ತು ಹೊಡಸ್ರಿ, ಮೂಡಣದ ಕಡೆ ಜರಾ ಮೆತ್ತಗೈತಿ ಅಂದ್ನಿ.

ಆಮ್ಯಾಲೆ ಡ್ರೈವರನ ಬಾಜೂ ಕರದು, ನಾಳೆ ಮುಂಜಾನೆ ವಿಜಾಪುರದಾಗ ಇರಬೇಕಪಾ, ನಿನ್ನ ಕಾಲು ಬೀಳ್ತೀನಿ ಅಂದ್ನಿ. ಅವ ಕೈ ತೊಳಕೋತ, ಇದು ಎತ್ತಿನ ಬಂಡಿಗಿಂತ ಸಾವಕಾಶ ಹೋಗ್ತೈತ್ರಿ, ರಾತ್ರಿ ಓಡಸಾಕ ದೀಪ ಇಲ್ಲ, ನಾಳೆ ಬಿಟ್ರ ನಾಡದ ಮುಟ್ತೈತಿ, ಅದೂ ನಡುವ ಯಾರೂ ಕಣಕ್ಕ ಕರೀಲಿಲ್ಲಂದ್ರ ಅಂದ.

೬. ಸರ್ಕಲ್ಲು

ತಪಾಸಣಿ ಸಾಹೇಬ್ರು ಬಂದ್ರು. ಸಣ್ಣ ಮನಿಷ್ಯಾ, ಕೈಯಾಗ ಛತ್ರಿ, ಮುಖದ ಮ್ಯಾಲೆ ನಗಿ ಇಲ್ಲ. ಅಡಗಿಮನ್ಯಾಗಿನ ಕಂಬ ನೋಡಿದ್ರು. ಮುದುಕಿ ಅವರಿಗೂ ಬಲ್ಬಿನ ತಕರಾರು ಹೇಳಿದ್ಲು. ಗಟಾರದ ಮುಚ್ಚಳ ಮುಟ್ಟಿದ್ರು, ಇನ್ನೂ ಬೆಚ್ಚಗಿತ್ತು, ಬೆರಳಿಗೆ ಹಿಟ್ಟು ಹತ್ತಿತು. ಬೆರಳು ನೋಡಿಕೊಂಡ್ರು, ನನ್ನ ನೋಡಿದ್ರು, ಕರವಸ್ತ್ರಕ್ಕ ಬೆರಳು ಒರಸಿಕೊಂಡು ಮುಂದ ನಡದ್ರು.

ರೋಲರ್ ಎಲ್ಲಿ ಅಂದ್ರು. ನಾ ಯಾದಿ ಹಾಳಿ ತಿರುವಾಕತ್ನಿ. ಕೆಲಸದ ಮ್ಯಾಲೆ ಐತ್ರಿ ಅಂದ ಪಟ್ಟೇವಾಲಾ, ನನ್ನ ಉಳಸಾಕಂತ. ಛಲೋ ಆತು, ಕೆಲಸ ಮಾಡೂದನ್ನ ನೋಡೂಣು ಅಂತ ಸಾಹೇಬ್ರು ಜೀಪು ಹತ್ತಿದ್ರು.

ಜೀಪಿನ ಹಿಂದ ಕುಂತು ನಾ ಗಾಲಿ ಪಂಕ್ಚರ ಆಗಲಿ, ಎದುರಿಗೆ ಎಮ್ಮಿ ಹಿಂಡು ಬರಲಿ ಅಂತ ಬೇಡಕೊಂಡ್ನಿ. ಹಾದಿ ಎಂದಿಲ್ಲದಷ್ಟು ಬಿಡುವಾಗಿತ್ತು. ರೋಲರ್ ಕೇಳಿದಲ್ಲೆಲ್ಲಾ ಮಂದಿ ಖುಷೀಲೆ ಕೈ ಮಾಡಿ ಹೊನವಾಡ ತೋರಿಸಿದ್ರು. ಹೊಲಕ್ಕ ಹೋಗಿ ಇಳದ್ವಿ. ಕಣ ದುಂಡಗ, ಸಪಾಟ ಆಗಿತ್ತು. ಎತ್ತು ಕಟ್ಟಿ ತಿರಗಸಾಕ ನಡುವ ಮೇಟಿ ಕಂಬ ನೆಟ್ಟಿದ್ರು. ಬಾಜೂಕ ರೋಲರ್. ಹುಡುಗಿ ಅಪ್ಪ ತಲೀ ಪಟಗಾ ಸರಿ ಮಾಡಿಕೊಂಡು ಬಂದು ನಿಂತ್ರು. ಹಿಂದ ಹುಡುಗಿ ಇದ್ಲು. ಅವರ ಮುಂದ ಕಳ್ಳ ಆಗಲೇನು, ಸಾಹೇಬ್ರ ಮುಂದ ಆಗಲೇನು?

"ಇದೇನು?" ಅಂದ್ರು ಸಾಹೇಬ್ರು, ಕಣದ ಕಡೆ ಛತ್ರಿ ತೋರಿಸಿ.

ಎಲ್ಲಿಂದ ಬಂತೋ ಆ ಮಾತು, ನನಗೂ ಗೊತ್ತಿಲ್ಲ. "ಸರ್ಕಲ್ ರಿ," ಅಂದ್ನಿ.

"ರಸ್ತಾ ಎಲ್ಲಿ?"

"ರಸ್ತಾ ಮುಂದ ಬರ್ತೈತ್ರಿ. ಮೊದಲ ಸರ್ಕಲ್ ಮಾಡಿ ಇಟ್ಟೀವಿ."

"ನಡುವ ಆ ಕಂಬ?"

"ದೀಪದ ಕಂಬ ರಿ."

ಹುಡುಗಿ ಅಪ್ಪ ಬಾಯಿ ತಗದ್ರು. ಅಕಿ ಹಿಂದಿನಿಂದ ಅವರ ಅಂಗಿ ಜಗ್ಗಿದಳು, ಬಾಯಿ ಮುಚ್ಚಿದ್ರು. ಸಾಹೇಬ್ರು ಕಂಬದ ಸುತ್ತ ಒಂದು ಸುತ್ತು ಬಂದು, ದೀಪದ ಕಂಬಕ್ಕ ನಂಬರ ಎಲ್ಲಿ ಐತಿ, ಬರೀರಿ ಅಂದ್ರು. ಬಣ್ಣದ ಡಬ್ಬಿ ನನ್ನ ಚೀಲದಾಗನ ಇತ್ತು. ಮಾವ ಆಗೂವ್ರ ಮೇಟಿ ಕಂಬಕ್ಕ ನಂಬರ ಬರದ್ನಿ. ಸರ್ಕಲ್ಲೂ ಯಾದ್ಯಾಗ ಇಲ್ಲಲ್ಲ, ಅದನ್ನೂ ಏರಸ್ರಿ ಅಂದ್ರು. ಏರಿಸಿದ್ನಿ. ಕೆಳಗ ಅವರು ಸಹಿ ಮಾಡಿದ್ರು.

ಆಮ್ಯಾಲೆ ಚಪ್ಪಲಿ ಬಿಚ್ಚಿ, ಬರಿಗಾಲಲೆ ಕಣದ ಮ್ಯಾಲೆ ಅಡ್ಯಾಡಿ, ಹಿಮ್ಮಡ ಊರಿ ನೋಡಿದ್ರು. ಹಸನ ಆಗೇತಿ ಅಂದ್ರು. ನಮ್ಮ ಊರಾಗೂ ಸುಗ್ಗೀಗೆ ಇಂಥಾ ಸರ್ಕಲ್ ಮಾಡ್ತಾರ, ಆದ್ರ ಇಷ್ಟು ಸಪಾಟ ಆಗಂಗಿಲ್ಲ ಅಂದು ಜೀಪು ಹತ್ತಿದ್ರು.

ಆಮ್ಯಾಲಿನ ದಿನ ಹೆಂಗ ಹೋದ್ವು ಕೇಳಬ್ಯಾಡ್ರಿ. ಕಾಯಂ ಆರ್ಡರ ಬರಲಿಲ್ಲ, ಮನಿಗೆ ಕಳಸೂ ಆರ್ಡರೂ ಬರಲಿಲ್ಲ. ಟಪಾಲದಾವನ ಸೈಕಲ್ ಗಂಟಿ ಕೇಳಿದ್ರ ಎದ್ದು ಬಾಗಿಲಿಗೆ ಓಡ್ತಿದ್ನಿ. ಒಂದಿನ ಟಪಾಲದಾವನ ಬದಲಿಗೆ ಹುಡುಗಿ ಅಪ್ಪ ಕಚೇರಿ ಬಾಗಿಲದಾಗ ನಿಂತಿದ್ರು. ಮುಖಾ ಬಿಗದಿತ್ತು. ಸಂಬಂಧ ಮುರ್ಯಾಕ ಬಂದಾರಂತ ನನಗ ಖಾತ್ರಿ ಆತು. ಎದ್ದು ನಿಂತ್ನಿ. ಕಚೇರಿ ಮಂದಿ ಎಲ್ಲಾ ಕೆಲಸ ಬಿಟ್ಟು ಕಿವಿ ಕೊಟ್ರು.

"ನನ್ನ ಕಣ ಸರಕಾರದ ಯಾದ್ಯಾಗ ಹೋಗೇತಿ, ಹೌದಲ್ರಿ?" ಅಂದ್ರು.

ಹೌದ್ರಿ ಅಂದ್ನಿ.

"ಮೇಟಿ ಕಂಬಕ್ಕ ನಂಬರ ಬಿದ್ದೈತಿ?"

ಬಿದ್ದೈತ್ರಿ.

"ಹಂಗಾರ ಅದು ನಮ್ಮ ಮನ್ಯಾಗ ಉಳೀಬೇಕಂದ್ರ ನನಗ ಒಂದ ಹಾದಿ. ಯಾದಿ ಬರದಾವಗ ಮಗಳನ್ನ ಕೊಡೂದು. ಯುಗಾದಿ ಆದ ಮ್ಯಾಲೆ ಮುಹೂರ್ತ ಇಡೂಣೇನು?"

ನನಗ ಅಳು ಬಂತೋ ನಗಿ ಬಂತೋ ತಿಳೀಲಿಲ್ಲ. ಆದ್ರೂ ಮುಂದ ತಕರಾರು ಬರಬಾರದು ಅಂತ, ನಂದಿನ್ನೂ ಕಾಯಂ ಆಗಿಲ್ರಿ, ಆಗೂತನಕ ಜರಾ ತಡೀತೀರೇನು ಅಂದ್ನಿ.

ಮಾವ ಎರಡೂ ಕೈ ಜೋಡಿಸಿದ್ರು. "ಬ್ಯಾಡ್ರಿ ಮಾರಾಯರ. ಹಂಗಾಮಿ ಇದ್ದಾಗನ ಕಣ ಬರಕೊಂಡೀರಿ. ಕಾಯಂ ಆದ್ರ ಹೊಲಾನೂ ಉಳಿಯಂಗಿಲ್ಲ."